ಬಶಿಯೊಳಗಿನ ಚಾ, ಬಾನೆಟ್ಟಿನೊಳಗಿನ ಗಾಳಿ

ನಮ್ಮ ಭಾವ ಚಾವನ್ನು ಕಪ್ಪಿನಿಂದ ಕುಡಿದದ್ದನ್ನು ನಾನು ಕಂಡಿಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಚಾದ ಅಂಗಡಿಯವನು ಗಾಜಿನ ಗ್ಲಾಸು ಮುಂದಿಟ್ಟರೂ ಅವರು ಒಂದು ಬಶಿ ಕೇಳಿ ಇಸಿದುಕೊಳ್ಳುತ್ತಾರೆ. ಅರ್ಧ ಚಾ ಬಶಿಗೆ ಸುರಿದು, ಅದು ಅಂಚಿನಿಂದ ಅಂಚಿಗೆ ಹರಡುವ ತನಕ ಸುಮ್ಮನಿದ್ದು, ಒಂದು ಸಲ ಮೆಲ್ಲಗೆ ಊದಿ, ಎರಡು ಗುಟುಕಿಗೆ ಮುಗಿಸುತ್ತಾರೆ. ಅಷ್ಟರಲ್ಲಿ ನನ್ನ ಗ್ಲಾಸು ಇನ್ನೂ ಬೆರಳು ಸುಡುತ್ತಿರುತ್ತದೆ. ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಅದು ಅವರ ರೂಢಿ ಎಂದಷ್ಟೇ ತಿಳಿದಿದ್ದೆ. ಹೋದ ಏಪ್ರಿಲ್‌ನಲ್ಲಿ ನನ್ನ ಕಾರು ಘಾಟಿನಲ್ಲಿ ದಮ್ಮು ಹತ್ತಿ ಸೋತ ಮೇಲೆಯೇ ಆ ಬಶಿಯೊಳಗೆ ಎಷ್ಟು ವಿದ್ಯೆ ಇದೆ ಎಂದು ಗೊತ್ತಾದದ್ದು.

ಭಾವ ಹುಬ್ಬಳ್ಳಿಯ ಡೀಸೆಲ್ ಲೋಕೋ ಶೆಡ್ಡಿನಲ್ಲಿ ದುಡಿದು ನಿವೃತ್ತರಾದವರು. ನಾನು ಜವಳಿ ಸಾಲಿನ ಅಂಗಡಿಗಳ ಲೆಕ್ಕ ಬರೆಯುವವನು. ಅವರಿಗೆ ಯಂತ್ರ ಕಂಡರೆ ಪ್ರೀತಿ, ನನಗೆ ಅಂಕಿ ಕಂಡರೆ ಪ್ರೀತಿ. ಅಕ್ಕ ಊಟಕ್ಕೆ ಕರೆಯುವವರೆಗೂ ನಮ್ಮಿಬ್ಬರ ಮಾತು ಮುಗಿಯುವುದಿಲ್ಲ. ಅದಕ್ಕೇ ವಾರಕ್ಕೊಂದು ಸಂಜೆ ದುರ್ಗದಬೈಲಿಗೆ ಬರುತ್ತೇವೆ. ಹೆಸರೇ ಹೇಳುವಂತೆ ಅದು ದುರ್ಗದ ಬಯಲು. ಈಗ ಕಾಣುವುದು ಅಂಗಡಿ, ಬಂಡಿ, ಜನ. ಹಗಲೆಲ್ಲ ಕಾದ ನೆಲದ ಮೇಲೆ ಸಂಜೆಯ ಪಡುವಣ ಗಾಳಿ ಸುಳಿಯುವ ಹೊತ್ತಿಗೆ ತಿನಿಸಿನ ಬಂಡಿಗಳ ದೀಪ ಹತ್ತುತ್ತವೆ. ಒಂದು ಕಡೆ ಮಿರ್ಚಿ ಎಣ್ಣೆಗೆ ಬೀಳುವ ಸದ್ದು, ಇನ್ನೊಂದು ಕಡೆ ಬುಟ್ಟಿಯ ತುಂಬ ಚುರುಮುರಿ. ಹುಣಸೆ-ಬೆಲ್ಲದ ಒಗ್ಗರಣೆ, ಪುಟಾಣಿ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ ಬಿದ್ದು ಗಿರಮಿಟ್ ಆಗುವುದನ್ನು ನಿಂತು ನೋಡುವುದೇ ಒಂದು ಸುಖ.

ಕಾರಿನ ಕಥೆ ಹೀಗೆ. ಅಂಕೋಲಾದಲ್ಲಿ ಒಂದು ಮದುವೆ ಮುಗಿಸಿಕೊಂಡು ಮಧ್ಯಾಹ್ನ ಹೊರಟಿದ್ದೆ. ನನ್ನದು ಒಂದು ಲೀಟರ್ ಚಿಲ್ಲರೆಯ ಸಣ್ಣ ಟರ್ಬೊ ಪೆಟ್ರೋಲ್ ಇಂಜಿನ್. ಸಪಾಟು ರಸ್ತೆಯಲ್ಲಿ ಚಿಗರಿಯ ಹಾಗೆ ಓಡುವ ಗಾಡಿ. ಅರಬೈಲ್ ಘಾಟು ಶುರುವಾಯಿತು. ಮುಂದೆ ಮೂಟೆ ಹೇರಿದ ಒಂದು ಲಾರಿ, ತಾಸಿಗೆ ಇಪ್ಪತ್ತು ಕಿಲೋಮೀಟರಿನ ನಡಿಗೆ. ಅದರ ಹೊಗೆ, ಅದರ ಬಿಸಿ, ಕರಾವಳಿಯ ಬೆವರು ಹನಿಯುವ ಗಾಳಿ. ಹತ್ತು ನಿಮಿಷ ಅದರ ಬೆನ್ನಿಗೇ ಏರಿದೆ. ದಾರಿ ಸಿಕ್ಕಿತೆಂದು ದಾಟಲು ಪೆಡಲು ಒತ್ತಿದರೆ ಗಾಡಿ ಹೋಗಲಿಲ್ಲ. ಒತ್ತಿದಷ್ಟೂ ಸದ್ದು ಹೆಚ್ಚಿತೇ ವಿನಾ ಎಳೆತ ಬರಲಿಲ್ಲ. ಎದುರಿನಿಂದ ಬಸ್ಸಿನ ದೀಪ ಕಂಡಿತು. ಮತ್ತೆ ಲಾರಿಯ ಹಿಂದೆ ಸರಿದುಕೊಂಡೆ. ಅಂಗೈ ಒದ್ದೆಯಾಗಿತ್ತು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪವಿಲ್ಲ, ನೀರಿನ ಬಿಸಿಯ ಮುಳ್ಳು ತನ್ನ ಜಾಗದಲ್ಲೇ ಇತ್ತು. ಯಲ್ಲಾಪುರ ದಾಟಿ, ತಂಪು ಹೊತ್ತಾದ ಮೇಲೆ ಗಾಡಿ ಏನೂ ಆಗದಂತೆ ಓಡಿತು. ಬಂದು ಹೋಗುವ ಬ್ಯಾನಿ ಇದೆಯಲ್ಲ, ಹೆಚ್ಚು ಹೆದರಿಸುವುದು ಅದೇ.

ದುರ್ಗದಬೈಲಿನಲ್ಲಿ ಇದನ್ನೆಲ್ಲ ಹೇಳಿದಾಗ ಭಾವ ಬಶಿ ಕೆಳಗಿಟ್ಟರು.

“ಇಂಜಿನ್ ಬ್ಯಾನಿ ಅಲ್ಲ ಇದು, ಉಸಿರಿನ ಬ್ಯಾನಿ. ನಿನ್ನ ಗಾಡಿ ಬಿಸಿ ಗಾಳಿ ಕುಡದೈತಿ.”

“ಬ್ಯಾಸಗಿಯೊಳಗ ಎಲ್ಲಾರೂ ಬಿಸಿ ಗಾಳೀನ ಕುಡಿಯೂದಲ್ಲರಿ ಭಾವಾರ?”

“ಹೊರಗಿನ ಬಿಸಿ ಬ್ಯಾರೆ, ಒತ್ತಿದ ಬಿಸಿ ಬ್ಯಾರೆ. ಸೈಕಲ್ಲಿಗೆ ಪಂಪ್ ಹೊಡದೀಯಲ್ಲ? ಪಂಪಿನ ಬುಡ ಮುಟ್ಟಿ ನೋಡಿಲ್ಲೇನು?”

ಮುಟ್ಟಿ ನೋಡಿದ್ದೇನೆ. ನಮ್ಮ ಓಣಿಯ ಹುಡುಗರೆಲ್ಲ ಮುಟ್ಟಿ ನೋಡಿದವರೇ. ಇಪ್ಪತ್ತು ಸಲ ಒತ್ತಿದರೆ ಪಂಪಿನ ತುದಿ ಚುರುಗುಟ್ಟುತ್ತದೆ. ಅದನ್ನು ತಿಕ್ಕಾಟದ ಬಿಸಿ ಎಂದುಕೊಂಡಿದ್ದೆ. ತಿಕ್ಕಾಟದ್ದೂ ಒಂದಿಷ್ಟು ಇರುತ್ತದೆ. ಆದರೆ ಹೆಚ್ಚಿನದು ಗಾಳಿಯನ್ನು ಒತ್ತಿದ್ದರಿಂದಲೇ ಹುಟ್ಟಿದ ಬಿಸಿ. ನಾವು ತೋಳಿನಿಂದ ಮಾಡಿದ ಕೆಲಸ ಗಾಳಿಯೊಳಗೆ ಹೋಗಿ ಶಾಖವಾಗಿ ಕೂತಿರುತ್ತದೆ. ಟರ್ಬೊ ಎಂದರೆ ನಿಮಿಷಕ್ಕೆ ಒಂದು ಲಕ್ಷ ಸುತ್ತು, ಸಣ್ಣ ಇಂಜಿನ್ನುಗಳಲ್ಲಿ ಅದಕ್ಕಿಂತಲೂ ಹೆಚ್ಚು, ತಿರುಗುವ ಪಂಪು. ಹೊರಹೋಗುವ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಕೂರಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಕಮ್ಮಾರನ ತಿದಿ ಮಾಡುವ ಕೆಲಸವೇ ಇದು. ಹೆಚ್ಚು ಗಾಳಿ ಊದಿದರೆ ಹೆಚ್ಚು ಬೆಂಕಿ. ಬ್ಯೂಕಿ ಕಂಡ ಚಂದವೇನೆಂದರೆ, ತಿದಿ ಒತ್ತುವುದಕ್ಕೆ ಬೇರೆ ಆಳು ಬೇಡ, ಬೀದಿಗೆ ಹೋಗುವ ಹೊಗೆಯನ್ನೇ ದುಡಿಮೆಗೆ ಹಚ್ಚಬಹುದು ಎಂಬುದು.

ಗಾಳಿ ಬಿಸಿಯಾದರೆ ಏನು ನಷ್ಟ ಎಂಬುದು ನನಗೆ ಆಗಲೂ ಹೊಳೆಯಲಿಲ್ಲ. ಭಾವ ಪಕ್ಕದ ಬಂಡಿಯ ಬುಟ್ಟಿ ತೋರಿಸಿದರು. ಒಂದು ಸೇರಿನಲ್ಲಿ ಅಕ್ಕಿ ಅಳೆದರೆ ಎಷ್ಟು ತೂಕ, ಅದೇ ಸೇರಿನಲ್ಲಿ ಚುರುಮುರಿ ಅಳೆದರೆ ಎಷ್ಟು ತೂಕ? ಅಳತೆ ಅದೇ, ಕಾಳಿನ ಸಂಖ್ಯೆ ಎಲ್ಲಿಂದೆಲ್ಲಿಗೆ! ಇಂಜಿನ್ನಿನ ಸಿಲಿಂಡರು ಒಂದು ಸೇರು. ಪ್ರತಿ ಸಲ ಅದು ತನ್ನ ಹೊಟ್ಟೆ ತುಂಬುವಷ್ಟೇ ಅಳೆದುಕೊಳ್ಳುತ್ತದೆ. ಆದರೆ ಪೆಟ್ರೋಲು ಉರಿಯುವುದಕ್ಕೆ ಬೇಕಾದದ್ದು ಅಳತೆಯಲ್ಲ, ತೂಕ. ಒಂದು ಗ್ರಾಂ ಪೆಟ್ರೋಲಿಗೆ ಹದಿನಾಲ್ಕೂವರೆ ಗ್ರಾಂನಷ್ಟು ಗಾಳಿ. ಬಿಸಿ ಗಾಳಿ ಚುರುಮುರಿಯಂತೆ ಉಬ್ಬಿಕೊಂಡಿರುತ್ತದೆ, ತಣ್ಣನೆಯ ಗಾಳಿ ಅಕ್ಕಿಯಂತೆ ಒತ್ತಾಗಿ ಕೂರುತ್ತದೆ. ಟರ್ಬೊ ಒಂದು ಕೈಯಿಂದ ಸೇರನ್ನು ಒತ್ತಿ ತುಂಬುತ್ತದೆ, ಇನ್ನೊಂದು ಕೈಯಿಂದ ಕಾಳನ್ನು ಅರಳಿಸಿಬಿಡುತ್ತದೆ.

ಮನೆಗೆ ಬಂದು ಲೆಕ್ಕದ ಹಾಳೆ ತೆಗೆದೆ. ಸೂತ್ರ ಭಾವನದು, ಗುಣಾಕಾರ ನನ್ನದು. ಹೊರಗೆ 35 ಡಿಗ್ರಿ, ಟರ್ಬೊ ಒತ್ತಡವನ್ನು ಎರಡು ಪಟ್ಟು ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಚೂರೂ ನಷ್ಟವಿಲ್ಲದ ಯಂತ್ರವಾದರೆ ಗಾಳಿ ಸುಮಾರು 102 ಡಿಗ್ರಿಗೆ ಏರುತ್ತದೆ. ಅಂಥ ಯಂತ್ರ ಲೋಕದಲ್ಲಿಲ್ಲ. ನೂರಕ್ಕೆ ಎಪ್ಪತ್ತರ ದಕ್ಷತೆ ಹಿಡಿದರೆ 130 ಡಿಗ್ರಿ. ಚಾ ಕುದಿಯುವುದಕ್ಕಿಂತ ಬಿಸಿಯಾದ ಗಾಳಿ! ಅದನ್ನು ಹಾಗೇ ಇಂಜಿನ್ನಿಗೆ ಕುಡಿಸದೆ 55 ಡಿಗ್ರಿಗೆ ಇಳಿಸಿದರೆ, ಅದೇ ಒತ್ತಡದಲ್ಲಿ ನೂರಕ್ಕೆ ಇಪ್ಪತ್ಮೂರರಷ್ಟು ಹೆಚ್ಚು ಗಾಳಿ ಅದೇ ಸೇರಿಗೆ ಹಿಡಿಯುತ್ತದೆ. ಆ ಆಜುಬಾಜಿನ ತಾಪದಲ್ಲಿ ಹತ್ತು ಡಿಗ್ರಿ ಏರಿತೆಂದರೆ ನೂರಕ್ಕೆ ಮೂರು ಪಾಲು ಗಾಳಿ ಹೋಯಿತು. ಜವಳಿ ವ್ಯಾಪಾರದಲ್ಲಿ ನೂರಕ್ಕೆ ಮೂರು ಎಂದರೆ ಲಾಭಕ್ಕೂ ನಷ್ಟಕ್ಕೂ ನಡುವಿನ ಗೆರೆ. ಅದಕ್ಕೇ ಈ ಅಂಕಿ ನನ್ನ ಮನಸ್ಸಿಗೆ ನಾಟಿತು.

ನಮ್ಮೂರಿನವರಿಗೆ ಇನ್ನೊಂದು ಕಂದಾಯವೂ ಇದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಆರುನೂರೈವತ್ತು ಮೀಟರಿನ ಆಜುಬಾಜು. ಇಲ್ಲಿ ಗಾಳಿಯ ಒತ್ತಡ ಅಂಕೋಲಾಕ್ಕಿಂತ ನೂರಕ್ಕೆ ಏಳರಷ್ಟು ಕಡಿಮೆ. ಇಂಜಿನ್ನಿನ ಕಂಪ್ಯೂಟರು ತನಗೆ ಬೇಕಾದ ಒತ್ತಡ ಬಿಡುವುದಿಲ್ಲ, ಟರ್ಬೊವನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಕೊರತೆ ತುಂಬಿಸಿಕೊಳ್ಳುತ್ತದೆ. ಹೆಚ್ಚು ತಿರುಗಿದರೆ ಹೆಚ್ಚು ಬಿಸಿ. ಗಾಳಿಯ ಫಿಲ್ಟರು ಧೂಳು ತುಂಬಿ ಕಟ್ಟಿಕೊಂಡರೂ ಇದೇ ಗತಿ. ಹುಬ್ಬಳ್ಳಿಯ ಧೂಳಿನ ಬಗ್ಗೆ ಹುಬ್ಬಳ್ಳಿಯವರಿಗೆ ಹೇಳಬೇಕಾದದ್ದೇನಿದೆ.

ಈಗ ಬಶಿಗೆ ಬರೋಣ. ಟರ್ಬೊಗೂ ಇಂಜಿನ್ನಿಗೂ ನಡುವೆ ಒಂದು ಬಶಿ ಇಡುತ್ತಾರೆ. ಅದರ ಹೆಸರು ಇಂಟರ್‌ಕೂಲರ್. ನೋಡಲು ರೇಡಿಯೇಟರಿನ ತಮ್ಮನಂತೆ: ಅಲ್ಯೂಮಿನಿಯಂ ಕೊಳವೆಗಳು, ನಡುವೆ ನವಿರಾದ ಎಲೆಗಳು. ಒತ್ತಿ ಬಿಸಿಯಾದ ಗಾಳಿ ಒಳಗೆ ಹರಡಿ ಹರಿಯುತ್ತದೆ, ಹೊರಗಿನ ಗಾಳಿ ಎಲೆಗಳ ಸಂದಿನಿಂದ ಬೀಸಿ ಅದರ ಶಾಖ ಒಯ್ಯುತ್ತದೆ. ಭಾವನ ಬಶಿಯೂ ಇದನ್ನೇ ಮಾಡುತ್ತದೆ: ಹರವು ಹೆಚ್ಚು, ದಪ್ಪ ಕಡಿಮೆ, ಮೇಲೆ ಗಾಳಿ. ತೊಂಬತ್ತರ ದಶಕದಲ್ಲಿ ಲಾರಿಗಳ ಮೇಲೆ ‘ಟರ್ಬೊ’ ಎಂದು ಬರೆದಿರುತ್ತಿದ್ದುದು ನೆನಪಿದೆ. ಆಮೇಲೆ ಟಾಟಾ ಗಾಡಿಗಳ ಮೇಲೆ ‘ಟಿಸಿಐಸಿ’ ಎಂಬ ನಾಲ್ಕು ಅಕ್ಷರ ಬಂದವು. ಮೊದಲಿನ ಎರಡು ಅಕ್ಷರ ಒತ್ತುವುದರ ಹೆಸರು, ಹಿಂದಿನ ಎರಡು ತಣಿಸುವುದರ ಹೆಸರು. ಒತ್ತಿದ್ದನ್ನು ತಣಿಸದೆ ಕೊಟ್ಟರೆ ಅರ್ಧ ಕೆಲಸ ಎಂದು ಆ ಫಲಕವೇ ಹೇಳುತ್ತಿತ್ತು. ಓದುವವರು ಕಡಿಮೆ. ಕಾರು ಕೊಳ್ಳುವಾಗ ಟರ್ಬೊ ಇದೆಯೇ ಎಂದು ಎಲ್ಲರೂ ಕೇಳುತ್ತಾರೆ, ಇಂಟರ್‌ಕೂಲರ್ ಎಲ್ಲಿದೆ, ಅದಕ್ಕೆ ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಕೇಳಬೇಕು. ಸ್ಕಾರ್ಪಿಯೊದ ಬಾನೆಟ್ಟಿನ ಮೇಲೆ ಮೂಗಿನ ಹೊಳ್ಳೆಯಂಥ ಕಿಂಡಿ ಇತ್ತಲ್ಲ, ಅಂದಕ್ಕೆ ಇಟ್ಟದ್ದಲ್ಲ ಅದು. ಇಂಜಿನ್ನಿನ ತಲೆಯ ಮೇಲೆ ಕೂತ ಇಂಟರ್‌ಕೂಲರಿಗೆ ಗಾಳಿ ಇಳಿಯುವ ದಾರಿ. ಫೋಕ್ಸ್‌ವ್ಯಾಗನ್ನಿನ 1.2 ಟಿಎಸ್ಐ ಇಂಜಿನ್ನಿನಲ್ಲಿ ಗಾಳಿ ತಣಿಸುವುದು ನೀರು, ಆ ನೀರಿಗೇ ಬೇರೊಂದು ರೇಡಿಯೇಟರು. ನನ್ನ ಗಾಡಿಯದು ಮುಂಭಾಗದ ಬಂಪರಿನ ಹಿಂದೆ ನೆಟ್ಟಗೆ ನಿಂತ ಮಾದರಿ.

ಘಾಟಿನಲ್ಲಿ ಲಾರಿಯ ಹಿಂದೆ ಏಕೆ ಹಾಗಾಯಿತು ಎಂಬುದು ಈಗ ತಾನಾಗಿ ಬಿಡಿಸಿಕೊಂಡಿತು. ಏರಿನಲ್ಲಿ ಟರ್ಬೊ ಪೂರ್ತಿ ದುಡಿಯುತ್ತಿದೆ, ಗಾಳಿ ಕುದಿಯುತ್ತಿದೆ. ಗಾಡಿಯ ವೇಗ ಇಪ್ಪತ್ತು, ಬಶಿಯ ಮೇಲೆ ಊದುವವರಿಲ್ಲ. ಇದ್ದ ಒಂದಿಷ್ಟು ಗಾಳಿಯೂ ಮುಂದಿನ ಲಾರಿ ಬಿಟ್ಟದ್ದು. ಅದೇ ಗಾಡಿ ಹೆದ್ದಾರಿಯಲ್ಲಿ ತೊಂಬತ್ತರಲ್ಲಿ ಓಡುವಾಗ ಟರ್ಬೊಗೆ ಅಷ್ಟು ಕೆಲಸವೂ ಇರುವುದಿಲ್ಲ, ಗಾಳಿ ಧಾರಾಳ.

ಎಳೆತ ಏಕೆ ಅಷ್ಟೊಂದು ಬಿತ್ತು ಎಂಬುದಕ್ಕೆ ಮಾತ್ರ ಗಾಳಿಯ ತೂಕದ ಲೆಕ್ಕ ಸಾಲದು. ಪೆಟ್ರೋಲ್ ಇಂಜಿನ್ನಿಗೆ ಇನ್ನೊಂದು ಭಯವಿದೆ: ನಾಕಿಂಗ್. ಕಿಡಿ ಹತ್ತಿದ ಮೇಲೆ ಉರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದುಕೊಂಡು ಹೋಗಬೇಕು. ಒಳಗೆ ಬಂದ ಗಾಳಿಯೇ ಬಿಸಿಯಾಗಿದ್ದರೆ, ಉರಿ ಮುಟ್ಟುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನೇ ಸಿಡಿಯುತ್ತದೆ. ಪಿಸ್ಟನ್ನಿನ ತಲೆಗೆ ಸುತ್ತಿಗೆ ಏಟು. ಹಳೆಯ ಗಾಡಿಗಳಲ್ಲಿ ಏರಿನಲ್ಲಿ ಕಟಕಟ ಕೇಳುತ್ತಿತ್ತಲ್ಲ, ಅದೇ. ಈಗಿನ ಕಂಪ್ಯೂಟರು ಆ ಸದ್ದು ಕೇಳಿದೊಡನೆ, ಎಷ್ಟೋ ಸಲ ಗಾಳಿಯ ತಾಪ ನೋಡಿಯೇ, ಕಿಡಿಯ ಟೈಮಿಂಗನ್ನು ಹಿಂದಕ್ಕೆ ತಳ್ಳುತ್ತದೆ, ಟರ್ಬೊ ಒತ್ತಡವನ್ನೂ ಇಳಿಸುತ್ತದೆ. ಇಂಜಿನ್ ಉಳಿಯುತ್ತದೆ, ಎಳೆತ ಹೋಗುತ್ತದೆ. ತಡವಾಗಿ ಹತ್ತಿದ ಉರಿ ಹೊಗೆಯ ಕೊಳವೆಯಲ್ಲಿ ಇನ್ನೂ ಬಿಸಿಯಾಗಿ ಟರ್ಬೊದ ಮೇಲೇ ಬೀಳುತ್ತದೆ, ಅದರ ಬಿಸಿಯೆಲ್ಲ ಬಾನೆಟ್ಟಿನೊಳಗೆ ತುಂಬುತ್ತದೆ. ಬಿಸಿಯ ಮೇಲೆ ಬಿಸಿ. ನನ್ನ ಗಾಡಿ ಘಾಟಿನಲ್ಲಿ ಹಟ ಹಿಡಿದಿರಲಿಲ್ಲ, ತನ್ನ ಜೀವ ಕಾಯ್ದುಕೊಂಡಿತ್ತು. ಇದು ತಿಳಿದಾಗ ಅದರ ಮೇಲಿನ ಸಿಟ್ಟು ಇಳಿಯಿತು. ಡೀಸೆಲ್ಲಿಗೆ ಈ ನಾಕಿಂಗಿನ ಕಾಟವಿಲ್ಲ. ಅಲ್ಲಿ ಬಿಸಿ ಗಾಳಿ ಎಂದರೆ ಕಪ್ಪು ಹೊಗೆ, ನಂಜಿನ ನೈಟ್ರೋಜನ್ ಆಕ್ಸೈಡು, ಸುಡುವ ಹೊಗೆಕೊಳವೆ.

ಬಶಿ ಇಲ್ಲದೆ ಟರ್ಬೊ ಓಡಿಸಹೋದವರ ಕಥೆಯೊಂದನ್ನು ಭಾವ ಹೇಳಿದರು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಕಾರು ತಂದಿತು. ಟರ್ಬೊ ಹೊತ್ತು ಮಾರುಕಟ್ಟೆಗೆ ಬಂದ ಮೊದಮೊದಲ ಕಾರುಗಳಲ್ಲಿ ಅದೊಂದು. ಮೂರೂವರೆ ಲೀಟರಿನ ಅಲ್ಯೂಮಿನಿಯಂ ವಿ-8, 215 ಅಶ್ವಶಕ್ತಿ. ಸಿಲಿಂಡರಿನೊಳಗಿನ ಒತ್ತುವಿಕೆಯೂ 10.25ಕ್ಕೆ ಒಂದರಂತೆ ಬಿಗಿ, ಮೇಲೆ ಟರ್ಬೊ. ಇಂಟರ್‌ಕೂಲರ್ ಇಲ್ಲ. ನಾಕಿಂಗ್ ತಡೆಯಲು ಅವರು ಹೂಡಿದ ಉಪಾಯ: ಒಂದು ಬಾಟಲಿಯಲ್ಲಿ ನೀರು ಮತ್ತು ಮೆಥನಾಲ್ ಬೆರೆಸಿಟ್ಟು, ಪೆಡಲು ಜೋರಾಗಿ ಒತ್ತಿದಾಗ ಅದನ್ನು ಗಾಳಿಗೆ ಸಿಂಪಡಿಸುವುದು. ಅದಕ್ಕೆ ‘ಟರ್ಬೊ-ರಾಕೆಟ್ ಫ್ಲೂಯಿಡ್’ ಎಂಬ ಹೆಸರು. ಸಿಂಪಡಿಸಿದ ಹನಿ ಆವಿಯಾಗುತ್ತ ಗಾಳಿಯ ಶಾಖ ಹೀರುತ್ತದೆ. ಬೇಸಗೆಯಲ್ಲಿ ನೀರಿನ ಗಡಿಗೆಗೆ ಒದ್ದೆ ಗೋಣಿ ಸುತ್ತುತ್ತೇವಲ್ಲ, ಅದೇ ನ್ಯಾಯ. ಎರಡನೇ ಮಹಾಯುದ್ಧದ ಕೆಲವು ವಿಮಾನಗಳೂ ಹೀಗೆ ನೀರು-ಮೆಥನಾಲ್ ಕುಡಿದೇ ಹಾರಿದ್ದವು. ಯುದ್ಧವಿಮಾನಕ್ಕೆ ದಿನಾ ನೋಡಿಕೊಳ್ಳುವ ಆಳುಗಳಿದ್ದರು. ಕಾರಿನ ಮಾಲೀಕ ಬಾಟಲಿ ತುಂಬುವುದನ್ನು ಮರೆತ. ಬಾಟಲಿ ಬರಿದಾದರೆ ಒತ್ತಡ ತಾನಾಗಿ ಇಳಿಯುವ ಏರ್ಪಾಡಿತ್ತು, ಗಾಡಿ ಮಂಕಾಗುತ್ತಿತ್ತು, ದೂರು ಬರುತ್ತಿತ್ತು. ಎರಡೇ ವರ್ಷದಲ್ಲಿ ಆ ಮಾದರಿ ನಿಂತಿತು. ಎಷ್ಟೋ ಗಾಡಿಗಳ ಟರ್ಬೊ ಬಿಚ್ಚಿ ಸಾದಾ ಕಾರ್ಬ್ಯುರೇಟರು ಕೂರಿಸಿದರು. ನನಗೆ ಆ ಕಾರಿನ ಮೇಲೆ ಮರುಕ. ಅದರ ಲೆಕ್ಕ ತಪ್ಪಿರಲಿಲ್ಲ, ಯಾರಾದರೂ ನೆನಪಿಟ್ಟು ನೀರು ಹಾಕಬೇಕಿತ್ತು ಅಷ್ಟೇ. 2015ರಲ್ಲಿ ಬಿಎಂಡಬ್ಲ್ಯು ತನ್ನ ಎಂ-4 ಜಿಟಿಎಸ್ ಕಾರಿನಲ್ಲಿ ನೀರು ಸಿಂಪಡಿಸುವುದನ್ನು ಮತ್ತೆ ತಂದಿತು.

ನಮ್ಮ ಬಂಕುಗಳಲ್ಲಿ ಈಗ ಸಿಗುವ ಇಪ್ಪತ್ತು ಪಾಲು ಎಥನಾಲಿನ ಪೆಟ್ರೋಲಿನಲ್ಲೂ ಈ ಗೋಣಿಯ ಗುಣ ಕೊಂಚ ಇದೆ. ಬೆಳಗಾವಿ, ಬಾಗಲಕೋಟೆಯ ಕಬ್ಬಿನಿಂದಲೂ ಹುಟ್ಟುವ ಈ ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರುತ್ತದೆ, ನಾಕಿಂಗನ್ನೂ ತಡೆಯುತ್ತದೆ. ಲೀಟರಿಗೆ ಸಿಗುವ ಶಕ್ತಿ ಮಾತ್ರ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಮೈಲೇಜು ಬೀಳುತ್ತದೆ. ಎರಡೂ ನಿಜ. ಹಳೆಯ ಗಾಡಿಯ ರಬ್ಬರಿನ ಚಿಂತೆ ಬೇರೆಯದೇ ಮಾತು, ಇನ್ನೊಂದು ಸಂಜೆಗೆ ಇರಲಿ.

ಲೋಕೋ ಶೆಡ್ಡಿನ ಮಾತು ಬಂದರೆ ಭಾವನ ಮುಖವೇ ಬೇರೆ. ಹಳೆಯ ಆಲ್ಕೋ ಇಂಜಿನ್ನುಗಳು ಸ್ಟೇಷನ್ ಬಿಡುವಾಗ ಕಪ್ಪು ಹೊಗೆಯ ಮೋಡ ಎಬ್ಬಿಸುತ್ತಿದ್ದುದು ಹುಬ್ಬಳ್ಳಿಯ ನನ್ನ ವಯಸ್ಸಿನವರೆಲ್ಲ ಕಂಡದ್ದು. ಡ್ರೈವರ್ ಹಿಡಿಕೆ ಎಳೆದೊಡನೆ ಡೀಸೆಲ್ ಬಂದುಬಿಡುತ್ತದೆ, ಟರ್ಬೊ ವೇಗ ಹಿಡಿದು ಗಾಳಿ ತರುವುದು ತುಸು ತಡ. ಆ ತಡವೇ ಆ ಮೋಡ. ಆಮೇಲೆ ಅಮೆರಿಕದ ಜನರಲ್ ಮೋಟರ್ಸ್ ವಿನ್ಯಾಸದ ಡಬ್ಲ್ಯುಡಿಜಿ-4 ಬಂತು. 4000 ಅಶ್ವಶಕ್ತಿ, ಹದಿನಾರು ಸಿಲಿಂಡರು, ಎರಡು ಸ್ಟ್ರೋಕಿನ ಇಂಜಿನ್. ಆ ಇಂಜಿನ್ನುಗಳ ತವರು ಎಂದರೆ ಹುಬ್ಬಳ್ಳಿಯ ಶೆಡ್ಡು. ಅದರ ಟರ್ಬೊವನ್ನು ವರ್ಣಿಸುವಾಗ ಭಾವ ಎರಡೂ ಕೈ ಎತ್ತಿದರು. ಹೊಗೆಗೆ ಇನ್ನೂ ಕಸುವಿಲ್ಲದಾಗ ಇಂಜಿನ್ನೇ ಗೇರಿನ ಮೂಲಕ ಟರ್ಬೊವನ್ನು ತಿರುಗಿಸುತ್ತದೆ. ಹೊಗೆಗೆ ಬಲ ಬಂದು ಟರ್ಬೊ ಮುಂದೆ ಓಡತೊಡಗಿದಾಗ ಒಳಗಿನ ಕ್ಲಚ್ಚು ತಾನಾಗಿ ಬಿಟ್ಟುಕೊಡುತ್ತದೆ. “ಮಗೂಗೆ ನಡಿಯಾಕ ಕಲಿಸಿದಂಗ ನೋಡು. ಹೆಜ್ಜಿ ಬಂತಂದ್ರ ಕೈ ಬಿಡೂದು” ಎಂದರು. ಒತ್ತಿದ ಗಾಳಿಯನ್ನು ತಣಿಸಲು ಅಲ್ಲಿ ನೀರು ಹರಿಯುವ ಕೂಲರುಗಳಿವೆ. ರೈಲಿನವರು ಅದಕ್ಕೆ ಆಫ್ಟರ್‌ಕೂಲರ್ ಎನ್ನುತ್ತಾರೆ. ಬಶಿ ಅದೇ, ಹೆಸರು ಬೇರೆ.

ಆ ಇಂಜಿನ್ನುಗಳ ಪರೀಕ್ಷೆ ನಡೆಯುತ್ತಿದ್ದುದು ಬ್ರಗಾಂಝಾ ಘಾಟಿನಲ್ಲಿ. ಗೋವಾದ ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗೆ, ದೂಧಸಾಗರದ ಮಗ್ಗುಲಲ್ಲಿ, 37 ಅಡಿಗೆ ಒಂದು ಅಡಿಯ ಏರು. ರೈಲಿಗೆ ಅದು ಗೋಡೆ ಇದ್ದಂತೆ. ಬಂದರಿನಿಂದ ಕಲ್ಲಿದ್ದಲು ಹೊತ್ತು ಬರುವ ಗಾಡಿಗೆ ಮುಂದೆಯೂ ಇಂಜಿನ್, ಹಿಂದಿನಿಂದ ದೂಡಲು ಬ್ಯಾಂಕರ್ ಇಂಜಿನ್ನುಗಳು. ಎಲ್ಲವೂ ಪೂರ್ತಿ ಬಲ ಹಾಕುತ್ತಿವೆ, ವೇಗ ಎತ್ತಿನ ಬಂಡಿಯದು, ಒಂದರ ಹಿಂದೊಂದು ಸುರಂಗ. ಮುಂದಿನವು ಬಿಟ್ಟ ಹೊಗೆ, ಬಿಸಿ ಎಲ್ಲ ಸುರಂಗದೊಳಗೆ ಕೂತಿರುತ್ತದೆ, ಹಿಂದೆ ಬರುವವು ಅದನ್ನೇ ಉಸಿರಾಡಬೇಕು. ಅಲ್ಲಿ ಎಷ್ಟು ದೊಡ್ಡ ಕೂಲರಿದ್ದರೂ ತಣಿಸುವುದು ಯಾವುದರಿಂದ? ಇಂಜಿನ್ನಿನ ನೀರು ಮಿತಿ ಮೀರಿ ಕಾದರೆ ಕಂಪ್ಯೂಟರು ಬಲ ಇಳಿಸುತ್ತದೆ. ಅಮೆರಿಕದ ಸದರ್ನ್ ಪೆಸಿಫಿಕ್ ರೈಲ್ವೆಯವರಿಗೂ ತಮ್ಮ ಬೆಟ್ಟಗಳಲ್ಲಿ ಇದೇ ಕಷ್ಟ. ಅವರು ಎಪ್ಪತ್ತರ ದಶಕದಲ್ಲಿ ರೇಡಿಯೇಟರಿಗೆ ಗಾಳಿ ಎಳೆಯುವ ಕಿಂಡಿಯನ್ನು ಕೆಳಗೆ, ನಡೆದಾಡುವ ಹಲಗೆಯ ಮಟ್ಟಕ್ಕೆ ಇಳಿಸಿದ ಇಂಜಿನ್ನುಗಳನ್ನು ಮಾಡಿಸಿಕೊಂಡರು. ಸುರಂಗದಲ್ಲಿ ಬಿಸಿ ಗಾಳಿ ಮೇಲೆ, ಇದ್ದುದರಲ್ಲಿ ತಣ್ಣನೆಯದು ಕೆಳಗೆ. ‘ಟನಲ್ ಮೋಟರ್’ ಎಂದೇ ಅವಕ್ಕೆ ಹೆಸರಾಯಿತು. ಗಾಳಿ ಎಲ್ಲಿಂದ ಬರುತ್ತದೆ ಎಂಬ ಒಂದೇ ಪ್ರಶ್ನೆಗೆ ಒಂದು ಇಡೀ ಇಂಜಿನ್ನಿನ ಆಕಾರ ಬದಲಾದದ್ದು ನನಗೆ ಬಹಳ ಹಿಡಿಸಿತು.

“ನಿನ್ನ ಕಾರಿಗೆ ಆ ಲಾರಿಯ ಬೆನ್ನ ಸುರಂಗ” ಎಂದರು ಭಾವ. “ಆದ್ರ ಲಾರಿಯಿಂದನ ಇಷ್ಟ್ ಆಗಾಕಿಲ್ಲ. ಬ್ಯಾರೆ ಏನೋ ಐತಿ. ನೋಡೂಣು.”

ಮರುದಿನ ಅವರ ಮಗನ ಬಳಿಯಿದ್ದ, ಬೆಂಕಿಪೊಟ್ಟಣದಷ್ಟು ಸಣ್ಣ ಸಾಧನವೊಂದನ್ನು ತಂದು ನನ್ನ ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರು. ಇಂಜಿನ್ ಕಂಪ್ಯೂಟರು ಓದುತ್ತಿರುವುದೆಲ್ಲ ಮೊಬೈಲಿನಲ್ಲಿ ಕಾಣುತ್ತದೆ. ನಮಗೆ ಬೇಕಾದದ್ದು ಒಳಬರುವ ಗಾಳಿಯ ತಾಪ. ಇಲ್ಲೊಂದು ಎಚ್ಚರ ಬೇಕು. ಕೆಲವು ಗಾಡಿಗಳಲ್ಲಿ ಆ ಸೆನ್ಸರು ಗಾಳಿಯ ಫಿಲ್ಟರಿನ ಬಳಿಯೇ ಇರುತ್ತದೆ, ಅದು ಟರ್ಬೊಗಿಂತ ಮೊದಲಿನ ಸುದ್ದಿ. ಕೆಲವದರಲ್ಲಿ ಇಂಟರ್‌ಕೂಲರ್ ದಾಟಿದ ಮೇಲೆ, ಇಂಜಿನ್ನಿನ ಬಾಯಲ್ಲೇ ಇರುತ್ತದೆ. ಮೊದಲಿನದನ್ನು ನೋಡಿ ನಮ್ಮ ಗಾಡಿ ತಂಪಾಗಿದೆ ಎಂದು ನೆಮ್ಮದಿಪಟ್ಟರೆ ಮೋಸಹೋದಂತೆ. ನನ್ನದರಲ್ಲಿ ಎರಡನೆಯದೇ ಇತ್ತು.

ಹೊರಗೆ 36 ಡಿಗ್ರಿ. ಚೆನ್ನಮ್ಮ ವೃತ್ತದ ಸಂದಣಿಯಲ್ಲಿ ನಿಂತಾಗ 66. ಇದು ಎಲ್ಲ ಗಾಡಿಗೂ ಇದ್ದದ್ದೇ. ನಿಂತ ಗಾಡಿಯಲ್ಲಿ ಇಂಜಿನ್ನಿನ ಬಿಸಿ ಕೊಳವೆಗಳಿಗೆಲ್ಲ ಊರಿಬಿಡುತ್ತದೆ, ಹೊರಟ ಮೇಲೆ ಒಂದೆರಡು ನಿಮಿಷದಲ್ಲಿ ಇಳಿಯಬೇಕು. ಗಬ್ಬೂರಿನಿಂದ ನರೇಂದ್ರದ ಕಡೆ ಬೈಪಾಸ್ ಹಿಡಿದೆವು. ಧಾರವಾಡ ಹುಬ್ಬಳ್ಳಿಗಿಂತ ಎತ್ತರ, ದಾರಿ ನಿಧಾನಕ್ಕೆ ಏರುತ್ತದೆ. ಅಂಕಿ ಇಳಿಯಬೇಕಾದಲ್ಲಿ ಇಳಿಯಲಿಲ್ಲ. ಏರಿನಲ್ಲಿ 70, 74, 78. ಭಾವ ಮೊಬೈಲನ್ನು ಮೊಣಕಾಲ ಮೇಲೆ ಬೋರಲು ಹಾಕಿ, “ತಿರುಗಿಸು, ಗ್ಯಾರೇಜಿಗೆ ಹೋಗೂಣು” ಎಂದರು.

ಗ್ಯಾರೇಜಿನಲ್ಲಿ ನಾನು ನನಗೆ ತಿಳಿದ ಔಷಧ ಹೇಳಿದೆ. ಹುಡುಗರೆಲ್ಲ ಹಾಕಿಸುತ್ತಾರಲ್ಲ, ಬಾನೆಟ್ಟಿನೊಳಗೆ ತೆರೆದಿಟ್ಟ ಶಂಕುವಿನಾಕಾರದ ಫಿಲ್ಟರು, ಅದು ಹಾಕಿಸಿದರೆ ಹೇಗೆ? ಅಲ್ಲಿನ ಮೆಕ್ಯಾನಿಕ್ ಉಸ್ತಾದರು ಕೈ ಒರೆಸಿಕೊಳ್ಳುತ್ತ, “ಬ್ಯಾಡ್ರಿ ಸರ, ಅದು ಒಲಿ ಮುಂದ ಕುಂತು ಉಸಿರು ತಗೊಂಡಂಗ” ಎಂದರು. ಕಂಪನಿಯವರು ಫಿಲ್ಟರಿಗೆ ಗಾಳಿ ತರುವ ಸೊಂಡಿಲನ್ನು ಗ್ರಿಲ್ಲಿನ ಹಿಂದಿನವರೆಗೆ ಚಾಚಿರುವುದು ಹೊರಗಿನ ತಣ್ಣನೆಯ ಗಾಳಿಗಾಗಿ. ಅದನ್ನು ಕಿತ್ತು ತೆರೆದ ಫಿಲ್ಟರು ಇಟ್ಟರೆ ಸದ್ದು ಚಂದ, ಗಾಳಿ ಬಿಸಿ. ನಮ್ಮ ಊರಿನ ಬಿಸಿಲಿನಲ್ಲಿ ಅದಕ್ಕೆ ದುಡ್ಡು ಸುರಿಯುವ ಹುಡುಗರಿಗೆ ಯಾರಾದರೂ ಇದನ್ನು ಪ್ರೀತಿಯಿಂದ ಹೇಳಬೇಕು.

ಮೊದಲು ಕೊಳವೆಗಳ ಜೋಡಣೆಗೆಲ್ಲ ಸಾಬೂನಿನ ನೊರೆ ಹಚ್ಚಿ, ಗಾಳಿ ತುಂಬಿ ನೋಡಿದರು. ಗುಳ್ಳೆ ಏಳಲಿಲ್ಲ. ರಬ್ಬರು ಸೀಳಿ ಸೋರಿದ್ದರೆ ಕೊರತೆ ತುಂಬಲು ಟರ್ಬೊ ಹೆಚ್ಚು ತಿರುಗಿ ಬಿಸಿ ಏರುತ್ತಿತ್ತು, ಆ ಅನುಮಾನ ಹೋಯಿತು. ಆಮೇಲೆ ಬಂಪರು ಬಿಚ್ಚಿದರು. ಇಂಟರ್‌ಕೂಲರಿನ ಎಲೆಗಳ ಸಂದಿನಲ್ಲಿ ಕೆಂಪು ಮಣ್ಣು, ಹುಳ, ಹತ್ತಿಯ ಎಳೆ. ಅರ್ಧದಷ್ಟು ಕಣ್ಣು ಮುಚ್ಚಿತ್ತು. ಅಷ್ಟೇ ಅಲ್ಲ. ಉಸ್ತಾದರು ಬೆರಳಿಟ್ಟು ಎರಡು ಬರಿದಾದ ಕ್ಲಿಪ್ಪಿನ ತೂತು ತೋರಿಸಿದರು. ಗ್ರಿಲ್ಲಿನಿಂದ ಇಂಟರ್‌ಕೂಲರಿನ ಅಂಚಿನವರೆಗೆ ಗಾಳಿಯನ್ನು ಕೈ ಹಿಡಿದು ತರುವ ಪ್ಲಾಸ್ಟಿಕ್ಕಿನ ತಡಿಕೆ ಅಲ್ಲಿರಬೇಕಿತ್ತು. ವರ್ಷದ ಹಿಂದೆ ಬೇರೆಲ್ಲೋ ಬಂಪರು ರಿಪೇರಿ ಮಾಡಿಸಿದ್ದೆ. ಜೋಡಿಸುವಾಗ ಅದನ್ನು ಮರಳಿ ಹಾಕಿಲ್ಲ.

ಇದನ್ನು ನಾನು ಬಹಳ ಹೊತ್ತು ನೋಡುತ್ತ ನಿಂತೆ. ಗಾಳಿಗೆ ದಾರಿ ತೋರಿಸದಿದ್ದರೆ ಅದು ಇಕ್ಕಟ್ಟಾದ ಎಲೆಗಳೊಳಗೆ ಏಕೆ ನುಗ್ಗುತ್ತದೆ? ಮಗ್ಗುಲಲ್ಲಿ ನಾಲ್ಕು ಬೆರಳು ತೆರಪಿದ್ದರೆ ಅಲ್ಲಿಂದಲೇ ಸರಿದುಹೋಗುತ್ತದೆ. ಜಾತ್ರೆಯ ಜನರೂ ತಡಿಕೆ ಇಲ್ಲದಿದ್ದರೆ ಸಾಲಿನಲ್ಲಿ ಹೋಗುವುದಿಲ್ಲ. ಅಂಗೈ ಅಗಲದ ಪ್ಲಾಸ್ಟಿಕ್ಕು ಇಲ್ಲದೆ ಒಂದು ಇಡೀ ಇಂಜಿನ್ ಸೊರಗಿತ್ತು.

ಹೊಸದು ಬರಲು ಹದಿನೈದು ದಿನ ಎಂದರು. ಉಸ್ತಾದರು ಕಾಯಲಿಲ್ಲ. ಲಾರಿಯ ಹಳೆಯ ಟ್ಯೂಬು ತಂದು, ಕತ್ತರಿಯಿಂದ ಎರಡು ಪಟ್ಟಿ ಕತ್ತರಿಸಿ, ಎರಡೂ ಮಗ್ಗುಲಿಗೆ ಬಿಗಿದು, ಬೆರಳು ಹೋಗದಂತೆ ಸಂದು ಮುಚ್ಚಿದರು. ಎಲೆಗಳನ್ನು ಹಿಂಬದಿಯಿಂದ, ಕಡಿಮೆ ಒತ್ತಡದ ನೀರಿನಿಂದ ತೊಳೆದರು. ಜೋರು ನೀರು ಹೊಡೆದರೆ ಎಲೆ ಮಡಚಿ ಮತ್ತೆ ಕಣ್ಣು ಮುಚ್ಚುತ್ತದಂತೆ. ಅವರು ತೊಳೆಯುವ ರೀತಿ ನೋಡಿದರೆ ಮಗುವಿನ ತಲೆಗೆ ನೀರು ಹಾಕಿದಂತಿತ್ತು. ಒಟ್ಟು ಮುನ್ನೂರು ರೂಪಾಯಿ ಇಸಿದುಕೊಂಡರು.

ಅದೇ ಬೈಪಾಸು, ಅದೇ ಏರು, ಹೊರಗೆ ಅದೇ 36. ಮೊಬೈಲಿನಲ್ಲಿ 56. ಇಪ್ಪತ್ತೆರಡು ಡಿಗ್ರಿ! ಲೆಕ್ಕದವನಿಗೆ ಇದಕ್ಕಿಂತ ಸುಖದ ಬಾಕಿಪಟ್ಟಿ ಬೇರೆ ಇಲ್ಲ. ಗಾಳಿಯ ತೂಕದಲ್ಲಿ ನೂರಕ್ಕೆ ಆರೂ ಮುಕ್ಕಾಲು, ಮರಳಿ ಬಂದ ಟೈಮಿಂಗು ಅದರ ಮೇಲೆ.

ಮೇ ತಿಂಗಳಲ್ಲಿ ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಅಂಕೋಲಾಕ್ಕೆ ಹೋಗಿ ಬಂದೆ. ಅರಬೈಲ್ ಘಾಟಿನಲ್ಲಿ ಈ ಸಲವೂ ಲಾರಿ ಇತ್ತು. ಬೆನ್ನಿಗೆ ಅಂಟದೆ ದೂರ ಬಿಟ್ಟು ಏರಿದೆ. ಭಾವ ಮೊಬೈಲು ಹಿಡಿದು ಐವತ್ತೇಳು, ಐವತ್ತೊಂಬತ್ತು, ಐವತ್ತೆಂಟು ಎಂದು ಓದುತ್ತಿದ್ದರು. ದಾರಿ ಬಿಚ್ಚಿದಾಗ ಪೆಡಲು ಒತ್ತಿದೆ, ಗಾಡಿ ಹೋಯಿತು. ಇಬ್ಬರೂ ಏನೂ ಮಾತಾಡಲಿಲ್ಲ.

ಯಲ್ಲಾಪುರದಲ್ಲಿ ಚಾಕ್ಕೆ ನಿಲ್ಲಿಸಿದೆ. ಕೀಲಿ ತಿರುಗಿಸಹೋದರೆ ಭಾವ ನನ್ನ ಮುಂಗೈ ಹಿಡಿದರು. “ಎರಡು ನಿಮಿಷ ನಡೀಲಿ. ಈಗ ಘಾಟ್ ಏರಿ ಬಂದೈತಿ. ಟರ್ಬೊದೊಳಗಿನ ಆಯಿಲ್ ತಿರುಗಾಡಿ ತಣ್ಣಗಾಗಲಿ.” ಇಳಿದು ಹೋಟೆಲಿನ ಹುಡುಗನಿಗೆ ಬಶಿ ಕೇಳಿದರು. ಬಶಿ ಇರಲಿಲ್ಲ, ಎಲ್ಲ ಕಾಗದದ ಕಪ್ಪು. ಅವರು ಖಾಲಿ ಕಪ್ಪು ಇನ್ನೊಂದು ಇಸಿದುಕೊಂಡು, ಗಾಡಿಯ ಮುಂದೆ ನಿಂತು, ಇಂಜಿನ್ನಿನ ಮೆಲುಸದ್ದು ಕೇಳುತ್ತ, ಚಾವನ್ನು ಒಂದರಿಂದ ಇನ್ನೊಂದಕ್ಕೆ ಎತ್ತಿ ಸುರಿಯತೊಡಗಿದರು.